‘ವಿಪತ್ತು’, ‘ಆಪತ್ತು’, ‘ತುರ್ತು’: ಪಾಲಿಕೆಯ ಸಿದ್ಧತೆಯನ್ನು ಕನ್ನಡದಲ್ಲಿ ಹೇಳುವಾಗ

ಮಾನ್ಯರೇ,

ಮಳೆಗಾಲಕ್ಕೆ ಮೊದಲು ಬೃಹನ್ಮುಂಬಯಿ ಮಹಾನಗರಪಾಲಿಕೆ ಹೊರಡಿಸುವ ಸೂಚನೆಗಳ ಸಾರವನ್ನು ಒಂದು ಸಣ್ಣ ಕನ್ನಡ ಕೈಪಿಡಿಯಾಗಿ ಅಚ್ಚುಹಾಕಿಸಲು ನಮ್ಮ ಉಪನಗರದ ಕನ್ನಡ ಸಂಘ ನಿರ್ಧರಿಸಿದ್ದು, ಪಠ್ಯವನ್ನು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಇದನ್ನು ಓದುವವರು ಎರಡು ಬಗೆಯವರು. ಹೋಟೆಲು, ಕ್ಯಾಂಟೀನು, ಬ್ಯಾಂಕುಗಳಲ್ಲಿ ದುಡಿದು ಇಲ್ಲಿಯೇ ನೆಲೆಯೂರಿದ ಕರಾವಳಿಯವರು ಒಂದು ಕಡೆ. ಕಟ್ಟಡ ಕೆಲಸಕ್ಕೆಂದು ಬಂದು ಗುಡ್ಡದ ಇಳಿಜಾರಿನ ವಸತಿಗಳಲ್ಲಿರುವ ಕಲಬುರಗಿ, ಯಾದಗಿರಿ, ವಿಜಯಪುರದವರು ಇನ್ನೊಂದು ಕಡೆ. ಇಬ್ಬರ ಕನ್ನಡವೂ ಮರಾಠಿ, ಹಿಂದಿಗಳ ನಡುವೆ ಬೆಳೆದದ್ದು. ಬೆಂಗಳೂರಿನ ಸರ್ಕಾರಿ ಕನ್ನಡವನ್ನು ಹಾಗೆಯೇ ಇಳಿಸಿಕೊಂಡರೆ ಇವರಿಗೆ ಹಲವೆಡೆ ಬೇರೆಯದೇ ಅರ್ಥ ಕೊಡುತ್ತದೆ ಎಂಬುದು ಕರಡು ಬರೆಯುವಾಗ ಕಾಣಿಸಿತು. ಆದುದರಿಂದ ಈ ಪ್ರಶ್ನೆಗಳು.

ಮೊದಲನೆಯದು ಮೂಲಪದದ ಪ್ರಶ್ನೆ. ಪಾಲಿಕೆ ಎದುರಿಸಲು ಸಿದ್ಧವಾಗುವುದು ಯಾವುದನ್ನು? ಕರ್ನಾಟಕದಲ್ಲಿ ‘ವಿಪತ್ತು ನಿರ್ವಹಣೆ’ ಎಂಬುದು ಸ್ಥಿರವಾಗಿದೆ. ರಾಜ್ಯ ಪ್ರಾಧಿಕಾರದ ಹೆಸರಿನಲ್ಲಿಯೂ ಅದೇ ಇದೆ. ಮರಾಠಿಯಲ್ಲಿ ‘ಆಪತ್ತೀ ವ್ಯವಸ್ಥಾಪನ’, ಹಿಂದಿಯಲ್ಲಿ ‘ಆಪದಾ ಪ್ರಬಂಧನ’. ಸಂಸ್ಕೃತದ ಒಂದೇ ಧಾತುವಿಗೆ ‘ಆ’, ‘ವಿ’ ಎಂಬ ಬೇರೆ ಬೇರೆ ಉಪಸರ್ಗ ಹತ್ತಿ ಹುಟ್ಟಿದ ಪದಗಳಿವು. ‘ಸಂ’ ಹತ್ತಿದರೆ ‘ಸಂಪತ್ತು’. ಕನ್ನಡದಲ್ಲಿ ‘ಆಪತ್ತು’ ಆಡುಮಾತಿಗೆ ಹತ್ತಿರದ್ದು. ಆಪದ್ಬಾಂಧವ, ಆಪದ್ಧನ, ‘ಆಪತ್ತಿಗಾದವನೇ ನೆಂಟ’ ಮುಂತಾದವುಗಳಲ್ಲಿ ಅದು ಒಬ್ಬರಿಗೆ ಬಂದೊದಗುವ ಕಷ್ಟವನ್ನೂ ಒಳಗೊಳ್ಳುತ್ತದೆ. ‘ವಿಪತ್ತು’ ಬರವಣಿಗೆಯ ಪದವಾದರೂ ಅದರ ವ್ಯಾಪ್ತಿ ದೊಡ್ಡದು. ಓದುಗರಿಗೆ ಪರಿಚಿತವಾದುದೆಂದು ‘ಆಪತ್ತು’ ಎಂದೇ ಬರೆಯೋಣವೆಂದರೆ ಇಲ್ಲಿ ಮತ್ತೊಂದು ಸಿಕ್ಕು ಇದೆ. ಮರಾಠಿಯ ‘ಆಪತ್ತೀ’ ಎಂದರೆ ಸಂಕಟವಾದರೆ, ಹಿಂದಿಯ ‘ಆಪತ್ತಿ’ ದಿನಬಳಕೆಯಲ್ಲಿ ಆಕ್ಷೇಪಣೆ. ಹಿಂದಿ ಮಾಧ್ಯಮದಲ್ಲಿ ಓದುತ್ತಿರುವ ನಮ್ಮ ಮಕ್ಕಳು ‘ಆಪತ್ತು ವಿಭಾಗ’ವನ್ನು ದೂರು ವಿಭಾಗವೆಂದು ಓದಿದರೆ ಅವರ ತಪ್ಪೇನೂ ಅಲ್ಲ.

ಕಾನೂನು ಏನು ಹೇಳುತ್ತದೆಂದು ನೋಡುವುದು ಇಲ್ಲಿ ಉಪಯುಕ್ತ. 2005ರ ಡಿಸೆಂಬರಿನಲ್ಲಿ ಅಂಗೀಕಾರವಾದ ವಿಪತ್ತು ನಿರ್ವಹಣಾ ಕಾಯ್ದೆಯ ವ್ಯಾಖ್ಯಾನದಂತೆ, ಪ್ರಕೃತಿಯಿಂದಾಗಲಿ ಮನುಷ್ಯರಿಂದಾಗಲಿ, ಅಪಘಾತದಿಂದಾಗಲಿ ನಿರ್ಲಕ್ಷ್ಯದಿಂದಾಗಲಿ ಸಂಭವಿಸಿ, ಜೀವ, ಆಸ್ತಿ ಅಥವಾ ಪರಿಸರಕ್ಕೆ ಗಣನೀಯ ಹಾನಿ ಮಾಡಿ, ಪೀಡಿತ ಪ್ರದೇಶದ ಸಮುದಾಯವು ತಾನೇ ನಿಭಾಯಿಸಲಾರದಷ್ಟು ದೊಡ್ಡದಾದದ್ದು ಮಾತ್ರ ವಿಪತ್ತು. ಈ ಕೊನೆಯ ಷರತ್ತು ಮುಖ್ಯವಾದುದು. ಒಂದು ಮನೆಗೆ ಬೆಂಕಿ ಬಿದ್ದು ಅಗ್ನಿಶಾಮಕ ದಳ ಬಂದು ಆರಿಸಿದರೆ ಅದು ತುರ್ತು ಪ್ರಸಂಗ, ವಿಪತ್ತಲ್ಲ. ಷರತ್ತಿನ ಉದ್ದನೆಯ ಇಂಗ್ಲಿಷ್ ಪದಪುಂಜಕ್ಕೆ ಅನುವಾದಗಳಲ್ಲಿ ‘ಎದುರಿಸುವ ಸಾಮರ್ಥ್ಯವನ್ನು ಮೀರಿದ’ ಎಂಬ ರಚನೆ ಕಾಣುತ್ತದೆ. ನಮ್ಮಲ್ಲಿ ‘ಕೈಮೀರಿದ’ ಎಂಬ ಮಾತು ಮೊದಲಿನಿಂದ ಇರುವಾಗ ಇದು ಏಕೆ ಬೇಕೆಂದು ನನಗೆ ತಿಳಿಯುವುದಿಲ್ಲ. ‘ಊರಿನ ಕೈಮೀರಿದ ಆಪತ್ತೇ ವಿಪತ್ತು’ ಎಂದು ಕೈಪಿಡಿಯ ಮೊದಲ ಪುಟದಲ್ಲಿ ಬರೆದಿದ್ದೇನೆ. ಇದರಲ್ಲಿ ಕಾನೂನಿನ ಅರ್ಥ ಕುಗ್ಗಿದೆಯೇ ಎಂದು ಬಲ್ಲವರು ತಿಳಿಸಬೇಕು.

ಈ ವ್ಯಾಖ್ಯಾನದಲ್ಲಿ ‘ಪ್ರದೇಶ’ ಎಂಬುದನ್ನು ‘ನಗರ’ ಎಂದು ಅನುವಾದಿಸಬಾರದೆಂಬುದಕ್ಕೆ ಮುಂಬಯಿಯೇ ಸಾಕ್ಷಿ. 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ದಾಖಲಾದರೆ, ಅದೇ ಅವಧಿಯಲ್ಲಿ ದಕ್ಷಿಣದ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರಿನ ಆಸುಪಾಸು. ಒಂದೇ ಪಾಲಿಕೆಯ ವ್ಯಾಪ್ತಿಯಲ್ಲಿ ಒಂದೆಡೆ ಕೈಮೀರಿದ್ದು, ಇನ್ನೊಂದೆಡೆ ಮಾಮೂಲಿ ಮಳೆಗಾಲ.

‘ತುರ್ತು’ ಪದದ ವಿಷಯದಲ್ಲಿ ನನಗೆ ಹಿಂಜರಿಕೆಯಿದೆ. ‘ತುರ್ತು ಚಿಕಿತ್ಸೆ’, ‘ತುರ್ತು ಕರೆ’ ಎಂಬಲ್ಲಿ ಅದು ವಿಶೇಷಣವಾಗಿ ಸರಾಗವಾಗಿ ನಿಲ್ಲುತ್ತದೆ. ಆದರೆ ‘ತುರ್ತು ಪರಿಸ್ಥಿತಿ’ ಎಂದು ನಾಮಪದವಾದೊಡನೆ ಹಿರಿಯರ ಮನಸ್ಸು ನೇರವಾಗಿ 1975ಕ್ಕೆ ಹೋಗುತ್ತದೆ. ಮರಾಠಿಯವರು ಆ ರಾಜಕೀಯ ಅರ್ಥಕ್ಕೆ ‘ಆಣೀಬಾಣೀ’ ಎಂಬ ಪ್ರತ್ಯೇಕ ಪದವನ್ನು ಮೀಸಲಿಟ್ಟು, ಪಾಲಿಕೆಯ ಕೆಲಸಕ್ಕೆ ‘ಆಪತ್ಕಾಲೀನ’ ಎಂಬುದನ್ನು ಬಳಸಿ ಬಚಾವಾಗಿದ್ದಾರೆ. ಬ್ರಿಟನ್ನಿನ ಸ್ಥಳೀಯ ಆಡಳಿತಗಳನ್ನು ಇಂಥ ಸಿದ್ಧತೆಯ ಹೊಣೆಗೆ ಕಟ್ಟುವ 2004ರ ಕಾಯ್ದೆ ‘ಡಿಸಾಸ್ಟರ್’ ಎಂಬ ಪದವನ್ನು ಬಿಟ್ಟು ‘ಎಮರ್ಜೆನ್ಸಿ’ಯನ್ನೇ ವ್ಯಾಖ್ಯಾನಿಸಿದೆ, ಕಾಯ್ದೆಯ ಹೆಸರಿನಲ್ಲಿರುವುದು ‘ಕಂಟಿಂಜೆನ್ಸಿ’, ಅಂದರೆ ಅನಿರೀಕ್ಷಿತವಾಗಿ ಒದಗಬಹುದಾದ ಪ್ರಸಂಗ. ಈ ಕೊನೆಯ ಪದಕ್ಕೆ ನಮ್ಮ ಕಚೇರಿ ಕನ್ನಡದಲ್ಲಿ ‘ಸಾದಿಲ್ವಾರು’ ಎಂಬ ಹಳೆಯ ಪದವಿದೆಯಾದರೂ ಅದು ಲೆಕ್ಕಪತ್ರದ ಖರ್ಚು ಬಿಟ್ಟು ಬೇರೆಡೆಗೆ ಬಂದಿಲ್ಲ. ‘ಸಾದಿಲ್ವಾರು ಯೋಜನೆ’ ಎಂದು ಬರೆದರೆ ಗುಮಾಸ್ತರ ಹೊರತು ಯಾರಿಗೂ ಅರ್ಥವಾಗದು.

‘ಪ್ರಕೃತಿ ವಿಕೋಪ’ವನ್ನು ನಾನು ಕೈಬಿಟ್ಟಿದ್ದೇನೆ. ನಮ್ಮ ಪತ್ರಿಕೆಗಳು ಅದನ್ನು ಪ್ರವಾಹಕ್ಕೂ ಗುಡ್ಡಕುಸಿತಕ್ಕೂ ಧಾರಾಳವಾಗಿ ಬಳಸುತ್ತವೆ. ಆದರೆ 2017ರಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಮೇಲೆ ನಡೆದ ಕಾಲ್ತುಳಿತವಾಗಲಿ, 2024ರ ಮೇ ತಿಂಗಳಲ್ಲಿ ಘಾಟ್ಕೋಪರ್‌ನ ಪೆಟ್ರೋಲ್ ಪಂಪಿನ ಮೇಲೆ ದೈತ್ಯ ಜಾಹೀರಾತು ಫಲಕ ಬಿದ್ದದ್ದಾಗಲಿ ಪ್ರಕೃತಿಯ ಕೋಪವೆನ್ನಲು ಸಾಧ್ಯವಿಲ್ಲ. ಮೊದಲನೆಯದರಲ್ಲಿ ಮಳೆ, ಎರಡನೆಯದರಲ್ಲಿ ಗಾಳಿ ನೆಪವಾಗಿದ್ದವು, ಅಷ್ಟೆ. ಕಾನೂನು ‘ನಿರ್ಲಕ್ಷ್ಯ’ವನ್ನು ಬಾಯಿಬಿಟ್ಟು ಹೇಳಿರುವಾಗ ಎಲ್ಲ ಹೊಣೆಯನ್ನು ಆಕಾಶದ ಮೇಲೆ ಹಾಕುವ ಪದ ನಮಗೇಕೆ? ‘ಅನಾಹುತ’ ಚೆನ್ನಾಗಿದೆ, ಬಳಕೆಯಲ್ಲಿಯೂ ಇದೆ. ಆದರೆ ಮರಾಠಿಯಲ್ಲಿ ‘ಅನಾಹೂತ’ ಎಂದರೆ ಕರೆಯದೆ ಬಂದವನು, ಆದ್ದರಿಂದ ಇಲ್ಲಿಯ ಎರಡನೆಯ ತಲೆಮಾರಿನವರು ನಗುತ್ತಾರೆ.

ಇನ್ನು ಸಿದ್ಧತೆಗೆ ಸಂಬಂಧಿಸಿದ ಪದಗಳು. ಕಾಯ್ದೆಯ 41ನೆಯ ಕಲಮು ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳನ್ನು ಹೇಳುತ್ತದೆ: ಸಿಬ್ಬಂದಿಗೆ ತರಬೇತಿ ಕೊಡುವುದು, ಸಲಕರಣೆಗಳನ್ನು ಬಳಕೆಗೆ ಸಿದ್ಧವಾಗಿ ಇಟ್ಟುಕೊಳ್ಳುವುದು, ತಮ್ಮ ವ್ಯಾಪ್ತಿಯ ನಿರ್ಮಾಣಗಳು ನಿಗದಿತ ಮಾನದಂಡಕ್ಕೆ ಒಪ್ಪುವಂತೆ ನೋಡಿಕೊಳ್ಳುವುದು, ಪರಿಹಾರ ಮತ್ತು ಪುನರ್ವಸತಿ ಕಾರ್ಯ ನಡೆಸುವುದು. ಜಿಲ್ಲೆಯ ಮಟ್ಟದಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರ ಮೇಲಿರುತ್ತದೆ. 2025ರ ತಿದ್ದುಪಡಿ ರಾಜಧಾನಿಗಳಿಗೂ ಮಹಾನಗರಪಾಲಿಕೆಯಿರುವ ನಗರಗಳಿಗೂ ಪ್ರತ್ಯೇಕ ನಗರ ಪ್ರಾಧಿಕಾರ ರಚಿಸಲು ದಾರಿ ಮಾಡಿದೆ. ಇವೆಲ್ಲವೂ ಸೇರಿ ಆಗುವ ದಾಖಲೆಗೆ ‘ವಿಪತ್ತು ನಿರ್ವಹಣಾ ಯೋಜನೆ’ ಎಂಬುದು ರೂಢಿಯ ಅನುವಾದ. ಆದರೆ ‘ಯೋಜನೆ’ ಎಂದೊಡನೆ ಜನರ ಮನಸ್ಸಿಗೆ ಬರುವುದು ವಿಧವಾ ವೇತನ, ಆವಾಸ್ ಮನೆ, ಉಚಿತ ಅಕ್ಕಿ. ‘ವಿಪತ್ತು ಯೋಜನೆಗೆ ಅರ್ಜಿ ಎಲ್ಲಿ ಹಾಕಬೇಕು?’ ಎಂದು ಕರಡು ಓದಿದವರೊಬ್ಬರು ನಿಜವಾಗಿಯೂ ಕೇಳಿದರು. ನಾನು ‘ಪೂರ್ವತಯಾರಿ’ ಎಂದು ಇಟ್ಟಿದ್ದೇನೆ. ಮರಾಠಿಯಲ್ಲಿ ಇದೇ ಪದ ಪಾಲಿಕೆಯ ಪ್ರಕಟಣೆಗಳಲ್ಲಿ ಬರುತ್ತದೆ, ಉತ್ತರ ಕರ್ನಾಟಕದವರಿಗೂ ‘ತಯಾರಿ’ ಮನೆಮಾತು. ‘ಸನ್ನದ್ಧತೆ’ಯಲ್ಲಿ ಯುದ್ಧದ ವಾಸನೆ ಹೆಚ್ಚೆಂದು ನನಗನ್ನಿಸುತ್ತದೆ.

ಇದರೊಳಗೇ ಒಂದು ಸೂಕ್ಷ್ಮವಿದೆ. ಹಾನಿಯನ್ನು ಮೊದಲೇ ತಗ್ಗಿಸುವುದು ಬೇರೆ, ಬಂದಾಗ ಎದುರಿಸಲು ಅಣಿಯಾಗಿರುವುದು ಬೇರೆ. ಕಾಯ್ದೆ ಎರಡನ್ನೂ ಪ್ರತ್ಯೇಕವಾಗಿ ವ್ಯಾಖ್ಯಾನಿಸಿದೆ. ಮುಂಬಯಿಯ ಹಳೆಯ ಮಳೆನೀರು ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು ಹೊರಹಾಕುವ ಅಂದಾಜಿನಲ್ಲಿ ಕಟ್ಟಿದವು. ಅದನ್ನು 50ಕ್ಕೆ ಏರಿಸುವುದು, ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್ ಮುಂತಾದೆಡೆ ಪಂಪಿಂಗ್ ಕೇಂದ್ರಗಳನ್ನು ನಿರ್ಮಿಸುವುದು ಮೊದಲನೆಯ ಬಗೆಯ ಕೆಲಸ. ಸಮುದ್ರದ ಉಬ್ಬರ ನಾಲ್ಕೂವರೆ ಮೀಟರನ್ನು ದಾಟುವ ದಿನಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುವುದು, ಪ್ರತಿ ವಾರ್ಡಿನಲ್ಲೂ ಪಾಲಿಕೆಯ ಶಾಲೆಗಳನ್ನು ತಾತ್ಕಾಲಿಕ ಆಶ್ರಯಕ್ಕೆ ಗೊತ್ತುಮಾಡಿಡುವುದು, 1916 ದೂರವಾಣಿ ಸಂಖ್ಯೆಯ ನಿಯಂತ್ರಣ ಕೊಠಡಿಯನ್ನು ಹಗಲಿರುಳು ನಡೆಸುವುದು ಎರಡನೆಯ ಬಗೆಯದು. ಮೊದಲನೆಯದಕ್ಕೆ ಸರ್ಕಾರಿ ಕನ್ನಡ ‘ಉಪಶಮನ’ ಎನ್ನುತ್ತದೆ. ಅದು ಬಂದ ಮೇಲೆ ಕಡಿಮೆಯಾಗುವ ಜ್ವರಕ್ಕೆ ಸರಿಯಾದ ಪದ, ಬರುವ ಮೊದಲೇ ಮಾಡುವ ಕೆಲಸಕ್ಕಲ್ಲ. ‘ಹಾನಿತಗ್ಗಿಕೆ’ ಒಪ್ಪಿಗೆಯೇ?

ಚರಂಡಿಗಳ ಹೂಳೆತ್ತುವ ಕೆಲಸಕ್ಕೆ ಇಲ್ಲಿ ಎಲ್ಲರೂ ಹೇಳುವುದು ‘ನಾಲೆಸಫಾಯಿ’. ಅದನ್ನು ‘ನಾಲೆ ಸ್ವಚ್ಛತೆ’ ಎಂದು ಬರೆಯಕೂಡದು, ಏಕೆಂದರೆ ಮಂಡ್ಯದವರಿಗೆ ನಾಲೆ ಎಂದರೆ ಗದ್ದೆಗೆ ನೀರುಣಿಸುವ ಕಾಲುವೆ. ‘ರಾಜಕಾಲುವೆ’ಯಂತೂ ಬೆಂಗಳೂರಿನ ಸ್ವತ್ತು. ‘ನಾಲಾ ಹೂಳೆತ್ತುವುದು’ ಎಂದು ಮರಾಠಿಯ ನಾಲಾವನ್ನೇ ಇಟ್ಟುಕೊಂಡಿದ್ದೇನೆ.

ಆಶ್ರಯದ ಜಾಗಕ್ಕೆ ಮರಾಠಿಯಲ್ಲಿ ‘ನಿವಾರಾ ಕೇಂದ್ರ’. ನಮ್ಮ ಕಿವಿಗೆ ಅದು ‘ನಿವಾರಣಾ ಕೇಂದ್ರ’ವೆಂದು ಕೇಳಿ, ಏನನ್ನು ನಿವಾರಿಸುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಕರ್ನಾಟಕದ ಹಳೆಯ ‘ಗಂಜಿ ಕೇಂದ್ರ’ ಕಲಬುರಗಿಯವರಿಗೆ ತಕ್ಷಣ ಅರ್ಥವಾದರೂ ಬರಗಾಲದ ಅವಮಾನವನ್ನು ಹೊತ್ತು ಬರುತ್ತದೆ. ಈಚೆಗೆ ಸರ್ಕಾರ ಬಳಸುತ್ತಿರುವ ‘ಕಾಳಜಿ ಕೇಂದ್ರ’ ಕನ್ನಡದಲ್ಲಿ ಸೊಗಸಾಗಿದೆ. ಮರಾಠಿಯ ‘ಕಾಳಜೀ’ ಮಾತ್ರ ಆರೈಕೆಯೂ ಹೌದು, ಚಿಂತೆಯೂ ಹೌದು. ಈ ಇಬ್ಬಗೆಯನ್ನು ಸಹಿಸಿಕೊಳ್ಳಬಹುದೆಂದು ನನ್ನ ಅಭಿಪ್ರಾಯ.

‘ಮಾಕ್ ಡ್ರಿಲ್’ಗೆ ಪತ್ರಿಕೆಗಳು ‘ಅಣಕು ಕಾರ್ಯಾಚರಣೆ’, ‘ಅಣಕು ಕವಾಯತು’ ಎನ್ನುತ್ತವೆ. 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣಾ ಅಭ್ಯಾಸ ನಡೆದಾಗ ಈ ಪದ ಎಲ್ಲೆಡೆ ಕಾಣಿಸಿಕೊಂಡಿತು. ಅಣಕಿಸುವುದು, ಅಣಕವಾಡು, ಪ್ರತಿಭಟನೆಯ ಅಣಕು ಶವಯಾತ್ರೆ ಇವುಗಳ ಸಾಲಿನಲ್ಲಿ ಜೀವ ಉಳಿಸುವ ಅಭ್ಯಾಸವನ್ನು ಕೂರಿಸುವುದು ನನಗೆ ಒಗ್ಗುತ್ತಿಲ್ಲ. ಮರಾಠಿಯವರು ಇದಕ್ಕೆ ನಾಟಕರಂಗದಿಂದ ‘ರಂಗೀತ್ ತಾಲೀಮ್’ ಎಂಬುದನ್ನು ತಂದುಕೊಂಡಿದ್ದಾರೆ. ನಮ್ಮಲ್ಲಿಯೂ ‘ತಾಲೀಮು’ ಜೀವಂತವಾಗಿದೆ: ನಾಟಕದ ತಾಲೀಮು, ಕುಸ್ತಿಯ ತಾಲೀಮು, ದಸರಾ ಆನೆಗಳ ತಾಲೀಮು. ‘ಪ್ರತಿ ಕಟ್ಟಡದಲ್ಲಿ ಬೆಂಕಿ ತಾಲೀಮು ನಡೆಯಲಿ’ ಎಂದರೆ ವಿವರಣೆಯೇ ಬೇಡ. ಇದಕ್ಕೆ ಆಕ್ಷೇಪವಿದ್ದವರು ಕಾರಣ ತಿಳಿಸಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಜನರನ್ನು ಅಪಾಯದ ಸ್ಥಳದಿಂದ ಕರೆದೊಯ್ಯುವುದಕ್ಕೆ ಬೇಕಾದ ಪದ. ಸಾಮಾನ್ಯವಾಗಿ ‘ತೆರವು’ ಅಥವಾ ‘ಸ್ಥಳಾಂತರ’ ಎನ್ನುತ್ತೇವೆ. ಗುಡ್ಡದ ವಸತಿಯ ಓದುಗನಿಗೆ ‘ತೆರವು’ ಎಂದರೆ ಒತ್ತುವರಿ ತೆರವು, ಅಂದರೆ ಜೆಸಿಬಿ. ‘ಸ್ಥಳಾಂತರ’ ಎಂದರೆ ವಿಜಯಪುರ, ಬಾಗಲಕೋಟೆಯವರಿಗೆ ಆಲಮಟ್ಟಿಯ ಮುಳುಗಡೆ: ಹೋದವರು ಹಿಂದಿರುಗಲಿಲ್ಲ, ಊರು ನೀರಿನಡಿಯಾಯಿತು. ‘ಖಾಲಿ ಮಾಡಿ’ ಎನ್ನುವುದು ಬಾಡಿಗೆದಾರನಿಗೆ ಮಾಲೀಕ ಹೇಳುವ ಮಾತು. ಮಳೆಯ ರಾತ್ರಿ ಮನೆ ಬಿಟ್ಟು ಬನ್ನಿರೆಂದರೆ ಜನ ಕದಲದಿರುವುದಕ್ಕೆ ಬಿಟ್ಟ ಮನೆ ಮತ್ತೆ ದಕ್ಕೀತೇ ಎಂಬ ಭಯ ಒಂದು ಮುಖ್ಯ ಕಾರಣವಾಗಿರುವಾಗ, ಆ ಭಯವನ್ನೇ ಬಡಿದೆಬ್ಬಿಸುವ ಪದವನ್ನು ನಾವೇ ಅಚ್ಚುಹಾಕಿ ಹಂಚುವುದು ಹೇಗೆ? ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವ ಭಾಷೆ ನಮ್ಮದು. ಅದನ್ನು ಅನುಸರಿಸಿ ‘ಮಳೆ ಇಳಿಯುವವರೆಗೆ ಶಾಲೆಯಲ್ಲಿ ಇದ್ದು ಬನ್ನಿ’ ಎಂದು ಬರೆದಿದ್ದೇನೆ.

ವಾಕ್ಯದಲ್ಲಿ ಇದು ಸರಿಹೋಗುತ್ತದೆ, ಆದರೆ ಕೋಷ್ಟಕದ ಶೀರ್ಷಿಕೆಗೆ ಒಂದು ನಾಮಪದ ಬೇಕಾಗಿದೆ. ವಾರ್ಡು, ಗುಡ್ಡದ ಹೆಸರು, ಶಾಲೆ, ಅಲ್ಲಿಗೆ ಹೋಗುವ ದಾರಿ ಎಂಬ ಅಂಕಣಗಳ ಮೇಲೆ ಏನೆಂದು ಬರೆಯಬೇಕು? ‘ತಂಗುದಾಣ’ ಬಸ್ಸಿಗೆ ಹೋಯಿತು. ‘ಬಿಡಾರ’ ಕರಾವಳಿಯವರಿಗೆ ಒಪ್ಪಿಗೆ, ಬಯಲುಸೀಮೆಯವರಿಗೆ ಅದು ಮೇಳದವರ ಅಥವಾ ಅಲೆಮಾರಿಗಳ ಡೇರೆ. ‘ಮಳೆವಸತಿ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಹಿಂದಿರುಗಿ ಬರುವ ಭರವಸೆಯನ್ನು ಒಳಗೊಂಡ, ಎರಡೂ ಕಡೆಯವರಿಗೆ ಸಲ್ಲುವ ಬೇರೆ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬಳಕೆಯ ಉದಾಹರಣೆಯೊಂದಿಗೆ ಬರೆಯಿರಿ. ಪುಟಗಳು ಮೇ ತಿಂಗಳ ಮೊದಲ ವಾರದಲ್ಲಿ ಅಚ್ಚಿಗೆ ಹೋಗಬೇಕಾಗಿದೆ.