ಊರಿನ ಎಂಜಿನಿಯರ್‌ಗಳ ಸಂಘ: ಸದಸ್ಯರು ಮೊದಲೋ, ಹಣ ಮೊದಲೋ? ನಿಮ್ಮ ಅನುಭವ ಹೇಳಿ

ಕೇಳಿದವರು: ಜಿಲ್ಲಾ ಕೇಂದ್ರವೊಂದರ ಸಂಘದ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಿವಿಲ್ ಎಂಜಿನಿಯರ್‌ಗಳ ಸಂಘದಲ್ಲಿ 71 ಸದಸ್ಯರಿದ್ದಾರೆ. ಅದರಲ್ಲಿ 35 ವರ್ಷದೊಳಗಿನವರು ಒಂಬತ್ತೇ ಜನ. ವರ್ಷದ ಚಂದಾ 500 ರೂಪಾಯಿ, ಅದೂ ಅರ್ಧ ಜನರಿಂದ ಮಾತ್ರ ಬರುತ್ತದೆ. ಸೆಪ್ಟೆಂಬರ್ 15ರಂದು ಎಂಜಿನಿಯರ್‌ಗಳ ದಿನ ಚೆನ್ನಾಗಿ ಮಾಡುತ್ತೇವೆ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ, ಹಿರಿಯರಿಗೆ ಸನ್ಮಾನ, ಊಟ ಎಲ್ಲ ಇರುತ್ತದೆ. ಆಮೇಲೆ ತಿಂಗಳುಗಟ್ಟಲೆ ಬಾಗಿಲು ತೆಗೆಯುವುದೇ ಅಪರೂಪ. ಸ್ವಂತ ಕಟ್ಟಡ ಇದೆ, ಆದರೆ ಮೇಲಿನ ಹಾಲ್ ಸೋರುತ್ತಿದೆ. ಸದಸ್ಯರನ್ನೂ ಹೆಚ್ಚಿಸಬೇಕು, ಹಣವನ್ನೂ ಹೊಂದಿಸಬೇಕು. ಎಲ್ಲಿಂದ ಶುರು ಮಾಡಲಿ? ನಿಮ್ಮ ಕಡೆ ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು, ದಯವಿಟ್ಟು ಬರೆಯಿರಿ.

ಗದಗ ಕಡೆಯ ಕನ್ಸಲ್ಟಿಂಗ್ ಎಂಜಿನಿಯರ್, 22 ವರ್ಷದ ಅನುಭವ

ಸರ್, ನಿಮ್ಮ ಸಂಘದ ಸ್ಥಿತಿಯಲ್ಲೇ ನಾವೂ ಇದ್ದೆವು. ಮೊದಲು ನಾವು ಮಾಡಿದ್ದು ಸದಸ್ಯತ್ವ ಅಭಿಯಾನ. ಫಾರಂ ಅಚ್ಚು ಹಾಕಿಸಿ ಒಬ್ಬೊಬ್ಬರ ಆಫೀಸಿಗೆ ಹೋದೆವು. ಮುಖ ನೋಡಿ ಇಲ್ಲ ಅನ್ನಲಾರದೆ 30 ಜನ ಸೇರಿದರು. ಮರುವರ್ಷ ಚಂದಾ ಕಟ್ಟಿದ್ದು ನಾಲ್ವರು.

ಬದಲಾವಣೆ ಬಂದದ್ದು ಒಬ್ಬ ಹುಡುಗನಿಂದ. ಅವನು ಎರೆ ಮಣ್ಣಿನ ಸೈಟಿನಲ್ಲಿ ಮೊದಲ ಮನೆ ಕಟ್ಟಿಸುತ್ತಿದ್ದ. ಈ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ನೆಲಗಟ್ಟು, ಗೋಡೆ ಎಲ್ಲ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಅವನಿಗೆ ಯಾರನ್ನು ಕೇಳಬೇಕು ಗೊತ್ತಿರಲಿಲ್ಲ. ಶನಿವಾರ ಸಂಜೆ ಸುಮ್ನೆ ಡ್ರಾಯಿಂಗ್ ಹಿಡಿದು ಸಂಘದ ಆಫೀಸಿಗೆ ಬಂದ. ಅಲ್ಲಿ ಕೂತಿದ್ದ ನಿವೃತ್ತ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಒಬ್ಬರು ಎರಡು ಗಂಟೆ ಕೂತು ಹೇಳಿಕೊಟ್ಟರು. ಎಷ್ಟು ಆಳಕ್ಕೆ ಇಳಿಯಬೇಕು, ಎಲ್ಲಿ ಅಂಡರ್-ರೀಮ್ಡ್ ಪೈಲ್ (ನೆಲದೊಳಗೆ ಇಳಿಸುವ, ಬುಡ ಅಗಲವಾದ ಕಾಂಕ್ರೀಟ್ ಕಂಬ) ಬೇಕು, ಪ್ಲಿಂತ್ (ಮನೆಯ ತಳಕಟ್ಟೆ) ಸುತ್ತ ನೀರು ನಿಲ್ಲದ ಹಾಗೆ ಏನು ಮಾಡಬೇಕು, ಎಲ್ಲ. ಮುಂದಿನ ಶನಿವಾರ ಅವನು ಇನ್ನಿಬ್ಬರನ್ನು ಕರೆದುಕೊಂಡು ಬಂದ.

ಅವತ್ತಿನಿಂದ ಶನಿವಾರ 5ರಿಂದ 7 ಬಾಗಿಲು ತೆಗೆದೇ ಇರುತ್ತದೆ. ಇಬ್ಬರು ಹಿರಿಯರು ಸರದಿಯಲ್ಲಿ ಕೂರುತ್ತಾರೆ. ಭಾಷಣ ಇಲ್ಲ, ವೇದಿಕೆ ಇಲ್ಲ. ಸಮಸ್ಯೆ ಇದ್ದವರು ಡ್ರಾಯಿಂಗ್ ತರುತ್ತಾರೆ. ಒಂದು ಮಾತು ಮಾತ್ರ ಮೊದಲೇ ಸ್ಪಷ್ಟ ಮಾಡಿ: ಅಲ್ಲಿ ಕೊಡುವುದು ಸಲಹೆ, ಡಿಸೈನ್‌ಗೆ ಸಹಿ ಹಾಕುವವರೇ ಹೊಣೆ.

ಹುಡುಗರು ಜಾಸ್ತಿ ಕೇಳುವುದು ಏನು ಗೊತ್ತಾ ಸರ್? ಡಿಸೈನ್ ಪ್ರಶ್ನೆ ಅರ್ಧವೇ. ಉಳಿದದ್ದೆಲ್ಲ ದುಡ್ಡಿನದು. ಮನೆ ಕಟ್ಟಿಸುವವರು ಪ್ಲಾನ್ ತೆಗೆದುಕೊಂಡು ಹೋದರು, ಫೀಸ್ ಕೊಡಲಿಲ್ಲ. ಅಡಿ ಲೆಕ್ಕದಲ್ಲಿ ಮಾತಾಡಿದ್ದೆ, ಈಗ ಬಾಲ್ಕನಿ ಸೇರಿಸಲ್ಲ ಅಂತಾರೆ. ಅದಕ್ಕೇ ಒಬ್ಬ ವಕೀಲರನ್ನು ಕೂರಿಸಿಕೊಂಡು ಎರಡು ಪುಟದ ಕರಾರು ಪತ್ರ ಮಾಡಿಸಿದೆವು, ಕನ್ನಡದಲ್ಲೇ. ಯಾವ ಹಂತಕ್ಕೆ ಎಷ್ಟು ಫೀಸ್, ಸೈಟಿಗೆ ಎಷ್ಟು ಭೇಟಿ, ಪ್ಲಾನ್ ಬದಲಾದರೆ ಏನು, ಎಲ್ಲ ಅದರಲ್ಲಿದೆ. ಸದಸ್ಯರಿಗೆ ಮಾತ್ರ ಕೊಡುತ್ತೇವೆ. ಆ ಎರಡು ಪುಟ ತಂದಷ್ಟು ಸದಸ್ಯರನ್ನು ನಮ್ಮ ಯಾವ ಸಮಾರಂಭವೂ ತರಲಿಲ್ಲ. ಚಂದಾ ಕೇಳಲು ಮನೆಗೆ ಹೋಗುವುದೂ ನಿಂತಿತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮೊದಲು ಬಾಗಿಲು ತೆಗೆಯಿರಿ. ಚಾವಣಿಯ ದುಡ್ಡು ಅದರ ಹಿಂದೆ ಬರುತ್ತದೆ.

ಶಿವಮೊಗ್ಗದಿಂದ, ಡಿಪ್ಲೊಮಾ ಎಂಜಿನಿಯರ್

ನಿಮ್ಮ ಬೈಲಾದಲ್ಲಿ (ಸಂಘದ ನಿಯಮಾವಳಿ) ಸದಸ್ಯರಾಗಲು ಬಿಇ ಕಡ್ಡಾಯ ಅಂತ ಇದೆಯಾ, ಮೊದಲು ನೋಡಿ. ನಮ್ಮಲ್ಲಿ ಇತ್ತು. ತಾಲ್ಲೂಕುಗಳಲ್ಲಿ ಸೈಟ್ ಮೇಲೆ ನಿಂತು ಕೆಲಸ ಮಾಡಿಸುವವರಲ್ಲಿ ಡಿಪ್ಲೊಮಾ ಓದಿದವರೇ ಬಹಳ ಜನ. ನಾನು 12 ವರ್ಷ ಹೊರಗಡೆಯೇ ನಿಂತಿದ್ದೆ. ಕಾರ್ಯಕ್ರಮಕ್ಕೆ ಕುರ್ಚಿ ಹಾಕಿಸಲು ಕರೆಯುತ್ತಿದ್ದರು, ಸದಸ್ಯತ್ವ ಇಲ್ಲ. ಅದು ನೋವು ಕೊಡುವ ವಿಷಯ ಸರ್.

ಕೊನೆಗೆ ಮಹಾಸಭೆಯಲ್ಲಿ ಬೈಲಾ ತಿದ್ದಿ ಸಹ ಸದಸ್ಯತ್ವ ತಂದರು. ಮೊದಲು ಮತದ ಹಕ್ಕು ಇಲ್ಲ ಅಂದಿದ್ದರು, ಹಾಗಾಗಿ ಯಾರೂ ಬರಲಿಲ್ಲ. ಐದು ವರ್ಷದ ಅನುಭವ ಇದ್ದವರಿಗೆ ಮತ ಕೊಟ್ಟ ಮೇಲೆ ಒಂದೇ ವರ್ಷದಲ್ಲಿ 40 ಜನ ಸೇರಿದೆವು. ಅರ್ಧ ಬಾಗಿಲು ತೆಗೆದರೆ ಯಾರೂ ಒಳಗೆ ಬರುವುದಿಲ್ಲ. ತಿದ್ದುಪಡಿಯನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸುವುದು ಮರೆಯಬೇಡಿ. ಮುಂದೆ ಚುನಾವಣೆ ತಕರಾರು ಬಂದಾಗ ಅದೇ ಕಾಗದ ಕೇಳುತ್ತಾರೆ.

ಇನ್ನೊಂದು ವಿಷಯ. ಕೋಲ್ಕತ್ತದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಶುರುವಾದದ್ದು 1920ರಲ್ಲಿ, ರಾಯಲ್ ಚಾರ್ಟರ್ (ಬ್ರಿಟಿಷ್ ಅರಸರ ಮಾನ್ಯತಾ ಪತ್ರ) ಸಿಕ್ಕಿದ್ದು 1935ರಲ್ಲಿ. ನಮ್ಮಂಥ ಡಿಪ್ಲೊಮಾದವರು ಅಲ್ಲಿಗೆ ಹೋಗುತ್ತಿದ್ದದ್ದು ಮುಖ್ಯವಾಗಿ ಎಎಂಐಇ ಪರೀಕ್ಷೆಗೆ. ಕೆಲಸ ಮಾಡುತ್ತಲೇ ಸೆಕ್ಷನ್ ಎ, ಸೆಕ್ಷನ್ ಬಿ ಮುಗಿಸಿದರೆ ಡಿಗ್ರಿಗೆ ಸಮ ಅಂತ ಇತ್ತು. 2013ರ ಮೇ 31ರ ನಂತರ ಹೆಸರು ನೋಂದಾಯಿಸಿದವರಿಗೆ ಆ ಸರ್ಕಾರಿ ಮಾನ್ಯತೆ ಇಲ್ಲ. ನನ್ನ ಜೊತೆಯವರ ಉತ್ಸಾಹ ಅಲ್ಲಿಗೇ ಇಳಿಯಿತು. ಒಂದೇ ಸರ್ಟಿಫಿಕೇಟಿನ ಆಸೆಗೆ ಬಂದ ಜನ ಅದು ಹೋದಾಗ ಹೋಗುತ್ತಾರೆ. ಗದಗದ ಸರ್ ಹೇಳಿದ ಶನಿವಾರದಂಥದ್ದು ಇದ್ದರೆ ಉಳಿಯುತ್ತಾರೆ.

ಮೈಸೂರಿನಿಂದ, ಸ್ಟ್ರಕ್ಚರಲ್ ಎಂಜಿನಿಯರ್

71 ಜನರಲ್ಲಿ ಹೆಂಗಸರು ಎಷ್ಟು ಅಂತ ನೀವು ಬರೆದಿಲ್ಲ. ಕಾಲೇಜಿನ ನನ್ನ ತರಗತಿಯಲ್ಲಿ ಹುಡುಗಿಯರು ಮೂರನೇ ಒಂದು ಪಾಲು ಇದ್ದೆವು. ಊರಿನ ಸಂಘದಲ್ಲಿ ನಾನೊಬ್ಬಳೇ. ಕಾರಣ ದೊಡ್ಡದೇನಲ್ಲ. ಸಭೆ ರಾತ್ರಿ 8ಕ್ಕೆ, ಹೋಟೆಲಿನ ಪಾರ್ಟಿ ಹಾಲಿನಲ್ಲಿ. ಸಂಘದ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಸಭೆಯನ್ನು ಭಾನುವಾರ ಬೆಳಿಗ್ಗೆ 10ಕ್ಕೆ ಹಾಕಿ, ಶೌಚಾಲಯ ಕಟ್ಟಿಸಿದ ಮೇಲೆ ಈಗ 14 ಜನ ಇದ್ದೇವೆ. ಇಬ್ಬರು ಕಾರ್ಯಕಾರಿ ಸಮಿತಿಯಲ್ಲಿದ್ದಾರೆ.

ಲಂಡನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಹುಟ್ಟಿದ್ದು 1818ರಲ್ಲಿ. ಪರೀಕ್ಷೆ ಪಾಸು ಮಾಡಿ ಮೊದಲ ಮಹಿಳೆಯಾಗಿ ಡೊರೊಥಿ ಬುಕಾನನ್ ಒಳಗೆ ಬಂದದ್ದು 1927ರಲ್ಲಿ. ಸಿಡ್ನಿ ಹಾರ್ಬರ್ ಸೇತುವೆಯ ವಿನ್ಯಾಸ ತಂಡದಲ್ಲಿ ಕೆಲಸ ಮಾಡಿದವರು ಅವರು. ನೂರು ವರ್ಷಕ್ಕೂ ಮೇಲೆ ಬೇಕಾಯಿತು. ನೀವು ಅಷ್ಟು ಕಾಯಬೇಕಿಲ್ಲ. ಚಾವಣಿ ರಿಪೇರಿ ಎಸ್ಟಿಮೇಟಿನಲ್ಲೇ ಶೌಚಾಲಯವನ್ನೂ ಸೇರಿಸಿ.

ಬೆಂಗಳೂರಿನಿಂದ, ಒಂದು ತಾಂತ್ರಿಕ ಸಂಘಕ್ಕೆ ಆರು ವರ್ಷ ಖಜಾಂಚಿ

ಹಣದ ಬಗ್ಗೆ ನಾನು ಹೇಳುತ್ತೇನೆ. ನಾವು ತಪ್ಪು ಮಾಡಿಯೇ ಕಲಿತದ್ದು.

ಮೊದಲ ತಪ್ಪು ಆಜೀವ ಸದಸ್ಯತ್ವ. ಹಣ ಬೇಕಾದಾಗೆಲ್ಲ ರಿಯಾಯಿತಿ ಕೊಟ್ಟು ಆಜೀವ ಸದಸ್ಯರನ್ನು ಮಾಡಿಕೊಂಡೆವು, ಬಂದದ್ದನ್ನು ಅದೇ ವರ್ಷ ಖರ್ಚು ಮಾಡಿದೆವು. ಹತ್ತು ವರ್ಷದಲ್ಲಿ ಬಹುತೇಕ ಎಲ್ಲರೂ ಆಜೀವ ಸದಸ್ಯರು, ವರ್ಷದ ಚಂದಾ ಅನ್ನೋದೇ ಇಲ್ಲ. ಕರೆಂಟ್ ಬಿಲ್ಲಿಗೂ ಕಷ್ಟ ಆಯಿತು. ಆಜೀವ ಶುಲ್ಕ ಮೂಲಧನ. ಎಫ್‌ಡಿಯಲ್ಲಿ ಇಡಿ, ಬಡ್ಡಿ ಮಾತ್ರ ಮುಟ್ಟಿ. ಇದನ್ನು ಬೈಲಾದಲ್ಲೇ ಬರೆದುಬಿಡಿ, ಮುಂದಿನ ಸಮಿತಿಯೂ ಮುಟ್ಟಬಾರದು.

ಎರಡನೆಯದು ಪ್ರಾಯೋಜಕರು. ಸಿಮೆಂಟ್, ಸ್ಟೀಲ್, ವಾಟರ್‌ಪ್ರೂಫಿಂಗ್ ಕಂಪನಿಗಳು ಕೊಡುತ್ತವೆ, ನಿಜ. ಒಂದು ಸಲ ಪೂರ್ತಿ ಖರ್ಚು ಒಂದೇ ಕಂಪನಿಯಿಂದ ತೆಗೆದುಕೊಂಡೆವು. ತಾಂತ್ರಿಕ ಉಪನ್ಯಾಸ ಅಂತ ಕರೆದಿದ್ದೆವು, ಎರಡು ಗಂಟೆ ಅವರ ಮಾಲಿನ ಮಾತೇ ಆಯಿತು. ಬಂದ ಹುಡುಗರು ಮತ್ತೆ ಬರಲಿಲ್ಲ. ಈಗ ನಿಯಮ ಮಾಡಿದ್ದೇವೆ. ವಿಷಯ ಮತ್ತು ಮಾತಾಡುವವರನ್ನು ಸಂಘವೇ ಆರಿಸುತ್ತದೆ. ಕಂಪನಿಗೆ ಹೊರಗಡೆ ಒಂದು ಸ್ಟಾಲ್, ಬ್ಯಾನರಿನಲ್ಲಿ ಹೆಸರು, ಅಷ್ಟೇ. ಒಬ್ಬ ಪ್ರಾಯೋಜಕರಿಂದ ಖರ್ಚಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಲ್ಲ.

ಈಗ ಕಾಗದದ ವಿಷಯ. ಲಾಭದ ಉದ್ದೇಶ ಇಲ್ಲದ ನೋಂದಾಯಿತ ಸಂಘಕ್ಕೆ ಒಬ್ಬ ಸದಸ್ಯರಿಂದ ವರ್ಷಕ್ಕೆ 1000 ರೂಪಾಯಿವರೆಗಿನ ಚಂದಾ ಮೇಲೆ ಜಿಎಸ್‌ಟಿ ವಿನಾಯಿತಿ ಇದೆ. ಹಾಲ್ ಬಾಡಿಗೆ, ಸ್ಟಾಲ್, ಪ್ರಾಯೋಜಕತ್ವ ಬೇರೆ. ಅವಕ್ಕೆ ಆ ವಿನಾಯಿತಿ ಇಲ್ಲ, ವರ್ಷದ ಒಟ್ಟು ವಹಿವಾಟು 20 ಲಕ್ಷದ ಮಿತಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಿಮ್ಮ ಸಂಘ ಆ ಮಿತಿ ದಾಟಲಿಕ್ಕಿಲ್ಲ, ಆದರೂ ಮೊದಲ ದಿನದಿಂದ ಬೇರೆ ಬೇರೆ ಲೆಕ್ಕ ಇಡಿ. 80ಜಿ (ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ನೋಂದಣಿ) ಮಾಡಿಸಿಕೊಂಡರೆ ದಾನಿಗಳಿಗೆ ಅನುಕೂಲ. ಆದರೆ 2000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ರಿಯಾಯಿತಿ ಸಿಗದು, ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೂ ಸಿಗದು. ಚಂದಾ ದಾನವಲ್ಲ, ಅದಕ್ಕೆ 80ಜಿ ರಸೀದಿ ಕೊಡಬೇಡಿ. ಒಬ್ಬ ಒಳ್ಳೆಯ ಆಡಿಟರ್ ಬಳಿ ಕೂತು ಇದನ್ನೆಲ್ಲ ಒಮ್ಮೆ ಬರೆದುಕೊಳ್ಳಿ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಯ ಹಣ) ಅಂತ ಎಲ್ಲರೂ ಹೇಳುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು. ಆದರೆ ಅದು ಊರಿಗೆ ಉಪಯೋಗ ಆಗುವ ಕೆಲಸಕ್ಕೆ. ನಿಮ್ಮ ಚಾವಣಿಗೆ ಅಲ್ಲ. ಪಡೆಯುವ ಸಂಘಕ್ಕೆ ಕನಿಷ್ಠ ಮೂರು ವರ್ಷದ ಕೆಲಸದ ದಾಖಲೆ ಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿಯೂ ಬೇಕು. ನಾವು ಗಾರೆ ಕೆಲಸದವರಿಗೆ, ಬಾರ್ ಬೆಂಡರ್‌ಗಳಿಗೆ (ಕಬ್ಬಿಣ ಬಗ್ಗಿಸಿ ಕಟ್ಟುವವರು) ಭಾನುವಾರದ ತರಬೇತಿ ಮಾಡಿದೆವು. ಕಾಂಕ್ರೀಟಿಗೆ ನೀರು ಎಷ್ಟು, ಕವರ್ ಬ್ಲಾಕ್ (ಕಂಬಿಯನ್ನು ಅಚ್ಚಿನಿಂದ ದೂರ ಇಡುವ ಸಣ್ಣ ತುಂಡು) ಯಾಕೆ, ಸ್ಟಿರಪ್ (ಉದ್ದ ಕಂಬಿಗಳನ್ನು ಸುತ್ತುವ ರಿಂಗ್) ತುದಿ 135 ಡಿಗ್ರಿ ಯಾಕೆ ಬಗ್ಗಿಸಬೇಕು, ಇಂಥದ್ದು. ಅದಕ್ಕೆ ಹಣ ಬಂತು. ಹಣಕ್ಕಿಂತ ಹೆಚ್ಚಾಗಿ, ಕಲಿಸಲು ಬಂದ ಯುವ ಎಂಜಿನಿಯರ್‌ಗಳು ಸಂಘದಲ್ಲೇ ಉಳಿದರು.

ಪಾಲಿಟೆಕ್ನಿಕ್ ಉಪನ್ಯಾಸಕ, ಚಿತ್ರದುರ್ಗ ಕಡೆ

ಒಂದೇ ಮಾತು. ವಿದ್ಯಾರ್ಥಿಗಳನ್ನು ಕೊನೆಯ ವರ್ಷದಲ್ಲೇ ಸೇರಿಸಿಕೊಳ್ಳಿ, ಶುಲ್ಕ ಇಲ್ಲದೆ. ಓದು ಮುಗಿದ ಮೊದಲ ಎರಡು ವರ್ಷ ಅರ್ಧ ಚಂದಾ ಇಡಿ. ಹುಡುಗರು ಕೈಬಿಟ್ಟು ಹೋಗುವುದು ಆ ಎರಡು ವರ್ಷದಲ್ಲೇ. ಸಂಬಳ ಕಡಿಮೆ, ಊರೂ ಬದಲಾಗುತ್ತೆ ಅಲ್ವಾ. ನಮ್ಮ ಮಕ್ಕಳಿಗೆ ಬೇಕಾದದ್ದು ಸೈಟ್ ಭೇಟಿ. ನಿಮ್ಮ ಸದಸ್ಯರೊಬ್ಬರು ಸ್ಲ್ಯಾಬ್ ಹಾಕಿಸುವ ದಿನ 20 ಮಕ್ಕಳನ್ನು ನಿಲ್ಲಿಸಿಕೊಂಡು ತೋರಿಸಿದರೆ ಅವರು ನಿಮ್ಮನ್ನು ಮರೆಯುವುದಿಲ್ಲ.

ಬರ್ಮಿಂಗ್‌ಹ್ಯಾಮ್‌ನಿಂದ, ಮೂಲತಃ ತುಮಕೂರಿನವನು

ಮೈಸೂರಿನ ಮೇಡಂ ಹೇಳಿದ ಲಂಡನ್ ಸಂಸ್ಥೆಯಲ್ಲಿ ನಾನು ಸದಸ್ಯ. ಅದರ ಶುರುವಿನ ಕಥೆ ನಿಮಗೆ ಹತ್ತಿರವಾದೀತು. 1818ರ ಜನವರಿಯಲ್ಲಿ ಫ್ಲೀಟ್ ಸ್ಟ್ರೀಟಿನ ಕೆಂಡಲ್ ಕಾಫಿ ಹೌಸಿನಲ್ಲಿ ಕೆಲವೇ ಯುವ ಎಂಜಿನಿಯರ್‌ಗಳು ಸೇರಿ ಕಟ್ಟಿದ್ದು ಅದು. ಮುಂದೆ ನಿಂತವರು ಹೆನ್ರಿ ರಾಬಿನ್ಸನ್ ಪಾಮರ್, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಎರಡು ವರ್ಷ ಸಂಘ ಹೆಚ್ಚು ಬೆಳೆಯಲಿಲ್ಲ. 1820ರಲ್ಲಿ ಅವರು ಥಾಮಸ್ ಟೆಲ್ಫರ್ಡ್ ಅವರನ್ನು ಅಧ್ಯಕ್ಷರಾಗಿ ಅಂತ ಕೇಳಿಕೊಂಡರು. ದೇಶದ ಅತಿ ದೊಡ್ಡ ರಸ್ತೆ, ಸೇತುವೆ, ಕಾಲುವೆ ಕಟ್ಟಿದ ಹಿರಿಯರು ಒಪ್ಪಿದರು. ಆಮೇಲೆ ಜನ ಬಂದರು, 1828ರಲ್ಲಿ ರಾಯಲ್ ಚಾರ್ಟರ್ ಸಿಕ್ಕಿತು. ಟೆಲ್ಫರ್ಡ್ ತಮ್ಮ ಪುಸ್ತಕಗಳನ್ನೂ ಕೊಟ್ಟರು, ಉಯಿಲಿನಲ್ಲಿ ಹಣವನ್ನೂ ಬಿಟ್ಟುಹೋದರು. ಅಲ್ಲಿ ಹುಡುಗರು ಕಟ್ಟಿ ಹಿರಿಯರನ್ನು ಕರೆದರು. ನಿಮ್ಮಲ್ಲಿ ಹಿರಿಯರು ಇದ್ದಾರೆ. ಕಾರ್ಯದರ್ಶಿ, ಖಜಾಂಚಿ ಕೆಲಸದ ಪಕ್ಕ ಒಬ್ಬೊಬ್ಬ ಯುವಕರನ್ನು ಕೂರಿಸಿ ನೋಡಿ.

ಲಂಡನ್ನಿನ ಒನ್ ಗ್ರೇಟ್ ಜಾರ್ಜ್ ಸ್ಟ್ರೀಟಿನಲ್ಲಿರುವ ಸಂಸ್ಥೆಯ ಕಟ್ಟಡವನ್ನು ಇವತ್ತು ಸಮ್ಮೇಳನಕ್ಕೆ, ಮದುವೆಗೆ ಬಾಡಿಗೆಗೆ ಕೊಡುತ್ತಾರೆ. ಹಾಲ್ ಇರುವುದು ದೊಡ್ಡ ಆಸ್ತಿ ಸರ್.

ಹೊರದೇಶದವರ ಹತ್ತಿರ ಹಣ ಕೇಳುವಾಗ ಒಂದು ಎಚ್ಚರ. ನಾನು ಊರಿನ ಒಂದು ಸಂಘಕ್ಕೆ ಕಳಿಸಿದ ಹಣವನ್ನು ಅವರು ವಾಪಸ್ ಮಾಡಬೇಕಾಯಿತು. ನನ್ನದು ಬ್ರಿಟಿಷ್ ಪಾಸ್‌ಪೋರ್ಟ್. ಹುಟ್ಟಿದ್ದು ತುಮಕೂರಿನಲ್ಲೇ ಆದರೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ನನ್ನದು ವಿದೇಶಿ ದೇಣಿಗೆ, ಆ ನೋಂದಣಿ ಇಲ್ಲದ ಸಂಘ ಪಡೆಯುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಎನ್‌ಆರ್‌ಐಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟ್ ಯಾವುದು ಅಂತ ಕೇಳಲು ಸಂಕೋಚ ಬೇಡ. ನಾನು ಈಗ ಹಣದ ಬದಲು ತಿಂಗಳಿಗೊಂದು ಭಾನುವಾರ ವಿಡಿಯೋ ಕರೆಯಲ್ಲಿ ಹುಡುಗರಿಗೆ ಸೇತುವೆ ತಪಾಸಣೆಯ ಪಾಠ ಮಾಡುತ್ತೇನೆ. ಬೇಕಾದರೆ ನಿಮ್ಮಲ್ಲೂ ಮಾಡುತ್ತೇನೆ.

ಕೇಳಿದವರು

ಎಲ್ಲರ ಉತ್ತರವನ್ನೂ ನಿನ್ನೆ ಸಮಿತಿಯಲ್ಲಿ ಓದಿ ಹೇಳಿದೆ. ಮೊದಲು ಮೌನ, ಆಮೇಲೆ ಒಬ್ಬ ಹಿರಿಯರು ಮುಂದಿನ ಶನಿವಾರ ತಾವೇ ಬಂದು ಕೂರುತ್ತೇನೆ ಅಂದರು. ಬೈಲಾ ತೆಗೆದು ನೋಡಿದೆ, ನಮ್ಮಲ್ಲೂ ಬಿಇ ಕಡ್ಡಾಯ ಅಂತಲೇ ಇದೆ. ತಿದ್ದುಪಡಿಯನ್ನು ಮಹಾಸಭೆಗೆ ಇಡುತ್ತಿದ್ದೇವೆ. ಮೈಸೂರಿನ ಮೇಡಂ, ನಮ್ಮಲ್ಲಿ ಹೆಂಗಸರು ಇಬ್ಬರು. ಇಬ್ಬರಿಗೂ ಫೋನ್ ಮಾಡಿ ಸಭೆಗೆ ಯಾವ ಸಮಯ ಅನುಕೂಲ ಅಂತ ಕೇಳಿದೆ. ಎಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ.

ಗದಗದ ಸರ್, ಆ ಕರಾರು ಪತ್ರದ ಒಂದು ಪ್ರತಿ ನಮಗೂ ಕೊಡುತ್ತೀರಾ? ನಮ್ಮ ವಕೀಲರಿಗೆ ತೋರಿಸಿ ಇಲ್ಲಿಗೆ ಹೊಂದಿಸಿಕೊಳ್ಳುತ್ತೇವೆ.

ಗದಗ ಕಡೆಯ ಕನ್ಸಲ್ಟಿಂಗ್ ಎಂಜಿನಿಯರ್

ಖಂಡಿತ ಸರ್, ಇವತ್ತೇ ಕಳಿಸುತ್ತೇನೆ. ಮೂರನೇ ಕಲಂನಲ್ಲಿ ಸೈಟ್ ಭೇಟಿಗಳ ಸಂಖ್ಯೆಗೆ ಜಾಗ ಖಾಲಿ ಬಿಟ್ಟಿದ್ದೇವೆ. ಅದನ್ನು ಖಾಲಿ ಬಿಟ್ಟು ಸಹಿ ಮಾಡಬೇಡಿ ಅಂತ ಹುಡುಗರಿಗೆ ಹೇಳಿ, ಜಗಳ ಎಲ್ಲ ಅಲ್ಲೇ ಶುರುವಾಗುವುದು.