ಸ್ಟ್ರಾಟ್‌ನ ಬ್ರಿಡ್ಜ್ ಪಿಕಪ್ ಕಿವಿ ಚುಚ್ತದೆ, ಪಿಕಪ್ಪೇ ಬದಲಿಸ್ಬೇಕಾ ಅಥವಾ ವೈರಿಂಗ್‌ನಲ್ಲಿ ಆಗ್ತದಾ?

ಕುಡ್ಲದ ಆರುತಂತಿ

ಎಲ್ರಿಗೂ ನಮಸ್ಕಾರ. ನನ್ನ ಹತ್ರ ಕಮ್ಮಿ ರೇಟಿನ ಒಂದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿ ಇಲೆಕ್ಟ್ರಿಕ್ ಗಿಟಾರ್ ಉಂಟು, ತಂತಿಯ ಕಂಪನ ಹಿಡಿಯುವ ಪಿಕಪ್ ಮೂರು, ಮೂರೂ ಸಿಂಗಲ್ ಕಾಯಿಲ್ (ಒಂದೇ ಸುರುಳಿಯವು), ಐದು ಪೊಸಿಷನಿನ ಸ್ವಿಚ್, ಒಂದು ವಾಲ್ಯೂಮ್ ಎರಡು ಟೋನ್. ನೆಕ್ ಕೈಗೆ ಲಾಯ್ಕ ಕೂತಿದೆ, ಹಾಗಾಗಿ ಮಾರ್ಲಿಕ್ಕೆ ಮನಸ್ಸಿಲ್ಲ. ಬಾರಿಸುದು ಹೆಚ್ಚಾಗಿ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ), ಮದುವೆ ರಿಸೆಪ್ಶನ್, ಮತ್ತೆ ಇಗರ್ಜಿ ಕ್ವಾಯರ್‌ನಲ್ಲಿ.

ತೊಂದ್ರೆ ಎಂತ ಅಂದ್ರೆ ಬೈಲಾ (ಕುಣಿತದ ಹಾಡು) ಶುರುವಾದಾಗ ಸ್ವಲ್ಪ ಎದ್ದು ಕೇಳ್ಲಿ ಅಂತ ಬ್ರಿಡ್ಜ್ ಪಿಕಪ್‌ಗೆ (ತಂತಿ ಕಟ್ಟುವ ಬ್ರಿಡ್ಜ್‌ನ ಹತ್ರದ್ದು) ಹಾಕಿದ್ರೆ ಸೌಂಡ್ ಕಿವಿ ಚುಚ್ತದೆ, ಟೋನ್ ನಾಬ್ ಎರಡನ್ನೂ ಪೂರ್ತಿ ತಿರುಗಿಸಿದ್ರೂ ಒಂಚೂರೂ ವ್ಯತ್ಯಾಸ ಇಲ್ಲ, ನಾಬ್ ಹಾಳಾಗಿದ್ಯಾ ಅಂತ ಡೌಟು. ಮತ್ತೆ ಹಾಡುವವರು ಚರಣ ಎತ್ತಿದಾಗ ವಾಲ್ಯೂಮ್ ಅರ್ಧಕ್ಕೆ ಇಳಿಸಿದ್ರೆ ಗಿಟಾರ್‌ಗೆ ಕಂಬಳಿ ಹೊದಿಸಿದ ಹಾಗೆ ಮಂಕು. ಕೆಲವು ಹಾಲ್‌ಗಳಲ್ಲಿ ಗುಂಯ್ ಅಂತ ಹಮ್ ಬೇರೆ. ನಮ್ಮ ಕೀಬೋರ್ಡಿನವ ಹೇಳುದು ಪಿಕಪ್ ಸೆಟ್ ಪೂರಾ ಬದಲಿಸು ಅಂತ, ಆದ್ರೆ ಒಳ್ಳೆ ಸೆಟ್‌ನ ರೇಟ್ ನೋಡಿದ್ರೆ ಗಿಟಾರ್‌ಗಿಂತ ಅದೇ ಜಾಸ್ತಿ. ಸೋಲ್ಡರಿಂಗ್ ಕಾಲೇಜ್ ಲ್ಯಾಬ್‌ನಲ್ಲಿ ಮಾಡಿ ಗೊತ್ತುಂಟು. ವೈರಿಂಗ್‌ನಲ್ಲೇ ಏನಾದ್ರೂ ಮಾಡ್ಲಿಕ್ಕೆ ಆಗ್ತದಾ?

ಬೋಳಾರ ಬೇಸ್

ಬ್ರಿಡ್ಜ್‌ಗೆ ಒಂದು ಹಂಬಕರ್ (ಹಮ್ ಕಳೆಯುವ ಎರಡು ಕಾಯಿಲ್‌ನ ಪಿಕಪ್) ಕೂರ್ಸಿ ಮಾರಾಯ್ರೆ, ಚುಚ್ಚುದೂ ಇಲ್ಲ ಹಮ್ಮೂ ಇಲ್ಲ. ಸಿಂಗಲ್ ಕಾಯಿಲ್ ಸೈಜ್‌ನಲ್ಲೇ ಬರ್ತದೆ ಈಗ, ಪಿಕ್‌ಗಾರ್ಡ್ (ಗಿಟಾರ್ ಮುಖದ ಮೇಲಿನ ತಟ್ಟೆ) ಕೊರೆಯುವ ಕೆಲಸ ಇಲ್ಲ.

ಮಣಿಪಾಲ ಬೆಂಚ್

ಹಂಬಕರ್ ಆಮೇಲೆ ನೋಡುವ. ಮೊದ್ಲು ಒಂದು ವಿಷಯ, ನಿಮ್ಮ ಟೋನ್ ನಾಬ್ ಹಾಳಾಗ್ಲಿಲ್ಲ. ಸ್ಟ್ರಾಟ್‌ನ ಹಳೇ ವೈರಿಂಗ್ ಇರುದೇ ಹಾಗೆ, ಒಂದು ಟೋನ್ ನೆಕ್ ಪಿಕಪ್‌ಗೆ, ಇನ್ನೊಂದು ಮಿಡ್ಲ್‌ಗೆ, ಬ್ರಿಡ್ಜ್‌ಗೆ ಟೋನೇ ಇಲ್ಲ. 1954ರಲ್ಲಿ ಫೆಂಡರ್ ಆ ಗಿಟಾರ್ ತಂದಾಗ ಸ್ವಿಚ್ಚಿಗೂ ಮೂರೇ ಪೊಸಿಷನ್, ಜನ ಸ್ವಿಚ್ಚನ್ನು ಮಧ್ಯದಲ್ಲಿ ಸಿಕ್ಕಿಸಿ ಎರಡು ಪಿಕಪ್ ಒಟ್ಟಿಗೆ ಬಾರಿಸ್ತಿದ್ರು, ಕಂಪೆನಿ ಐದು ಪೊಸಿಷನ್ ಕೊಟ್ಟದ್ದು 1977ರಲ್ಲಿ. ಆದ್ರೆ ಟೋನ್ ಮಾತ್ರ ಅಲ್ಲೇ ಉಳೀತು.

ಇದಕ್ಕೆ ಮದ್ದು ಬೆರಳುದ್ದದ ಒಂದು ವೈರ್, ಜಂಪರ್ ಅಂತಾರೆ. ಸ್ವಿಚ್‌ನಲ್ಲಿ ಎರಡು ಬದಿ ಉಂಟು, ಒಂದರಲ್ಲಿ ಪಿಕಪ್‌ಗಳ ವೈರ್, ಇನ್ನೊಂದರಲ್ಲಿ ಟೋನ್‌ಗೆ ಹೋಗುವ ವೈರ್. ಟೋನ್ ಬದಿಯಲ್ಲಿ ಬ್ರಿಡ್ಜ್‌ನ ಕಾಲು ಖಾಲಿ ಇರ್ತದೆ, ಅದನ್ನು ಪಕ್ಕದ ಮಿಡ್ಲ್ ಕಾಲಿಗೆ ಸೇರ್ಸಿದ್ರೆ ಆಯ್ತು, ಎರಡನೇ ಟೋನ್ ನಾಬ್ ಬ್ರಿಡ್ಜ್‌ಗೂ ಕೆಲಸ ಮಾಡ್ತದೆ. ಇದ್ರಲ್ಲಿ ಇನ್ನೊಂದು ಲಾಭ ಉಂಟು, ನಾಬ್ 10ರಲ್ಲೇ ಇದ್ರೂ ಅದ್ರ ಕೆಳಗಿನ ಪಾಟ್ (ತಿರುಗಿಸುವ ರೆಸಿಸ್ಟರ್) ಪಿಕಪ್‌ಗೆ ಸ್ವಲ್ಪ ಲೋಡ್ ಆಗ್ತದೆ, ಹಾಗಾಗಿ ನಾಬ್ ಮುಟ್ಟದೆಯೇ ಆ ಚುಚ್ಚುವ ತುದಿ ಒಂಚೂರು ಮೆತ್ತಗಾಗ್ತದೆ.

ಒಂದು ಕೆಲಸ ಮಾಡಿ. ಪಿಕ್‌ಗಾರ್ಡ್ ಬಿಚ್ಚಿ ಪಾಟ್‌ನ ಹಿಂದೆ ಎಂತ ಬರ್ದುಂಟು, ಕೆಪ್ಯಾಸಿಟರ್ ಮೇಲೆ ಎಂತ ನಂಬರ್ ಉಂಟು ಹೇಳಿ. ಎಂತದ್ದಾದ್ರೂ ಕೀಳುವ ಮೊದ್ಲು ಮೊಬೈಲ್‌ನಲ್ಲಿ ಫೋಟೋ ತೆಗ್ದಿಟ್ಕೊಳ್ಳಿ, ಎಲ್ಲ ಕೋನದಿಂದ.

ಕುಡ್ಲದ ಆರುತಂತಿ

ಬಿಚ್ಚಿ ನೋಡ್ದೆ ಅಣ್ಣ. ಮೂರೂ ಪಾಟ್ ಸಣ್ಣ ಸೈಜಿನವು, ಮೂರರಲ್ಲೂ ಬಿ500ಕೆ ಅಂತ ಉಂಟು. ಕೆಪ್ಯಾಸಿಟರ್ ಒಂದೇ, ಹಸ್ರು ಬಣ್ಣದ್ದು, 473 ಅಂತ ಬರ್ದಿದೆ. ಸ್ವಿಚ್ ಮಾತ್ರ ನೀವು ಹೇಳಿದ ಹಾಗೆ ಎರಡು ಬದಿ ಇಲ್ಲ, ಪ್ಲಾಸ್ಟಿಕ್ ಡಬ್ಬಿ ತರ, ಕೆಳಗೆ ಎಂಟು ಕಾಲು ಸಾಲಾಗಿ.

ಮಣಿಪಾಲ ಬೆಂಚ್

ಆ ಬಿ500ಕೆಯಲ್ಲೇ ಕತೆ ಇರುದು. ಸಿಂಗಲ್ ಕಾಯಿಲ್‌ಗೆ ರೂಢಿಯಲ್ಲಿ ಹಾಕುದು 250ಕೆ (ಕೆ ಅಂದ್ರೆ ಕಿಲೋ ಓಮ್), 500ಕೆ ಹಂಬಕರ್‌ಗೆ. ಪಾಟ್‌ನ ರೆಸಿಸ್ಟೆನ್ಸ್ ಜಾಸ್ತಿ ಆದಷ್ಟೂ ಟ್ರೆಬಲ್ (ಚೂಪು ಸ್ವರ) ಗ್ರೌಂಡ್‌ಗೆ ಸೋರುದು ಕಮ್ಮಿ, ಅಂದ್ರೆ ಸೌಂಡ್ ಇನ್ನೂ ಚೂಪು. ನಿಮ್ಮ ಬ್ರಿಡ್ಜ್ ಪಿಕಪ್ ಈಗ ಟೋನಿನ ಲೋಡೂ ಇಲ್ಲದೆ ಬರೀ 500ಕೆ ನೋಡ್ತಾ ಉಂಟು, ಚುಚ್ಚದೆ ಎಂತ ಮಾಡ್ತದೆ ಪಾಪ.

ಅಗ್ಗದ ದಾರಿ: 470ಕೆಯ ಒಂದು ರೆಸಿಸ್ಟರ್ ತಗೊಂಡು ವಾಲ್ಯೂಮ್ ಪಾಟ್‌ನ ಆಚೆ ಈಚೆ ಇರುವ ಎರಡು ಕಾಲಿಗೆ ಅಡ್ಡ ಸೋಲ್ಡರ್ ಮಾಡಿ. 500 ಮತ್ತೆ 470 ಪ್ಯಾರಲಲ್ ಆದ್ರೆ ಸುಮಾರು 242ಕೆ, ಪಿಕಪ್‌ಗೆ 250ಕೆ ಪಾಟ್ ಇದ್ದ ಹಾಗೇ ಕಾಣ್ತದೆ. ಬೇಡ ಅಂತ ಕಂಡ್ರೆ ಕತ್ತರಿಸಿ ತೆಗ್ಯುದು, ಅಷ್ಟೇ.

ಆದ್ರೆ ವಾಲ್ಯೂಮ್ ಇಳಿಸಿದಾಗ ಮಂಕಾಗುದು ಇದ್ರಿಂದ ಹೋಗುದಿಲ್ಲ, ಅದ್ರ ಕಾರಣ ಬೇರೆ. ನೀವು ಬಾರಿಸುವ ಕೇಬಲ್ಲೇ ಒಂದು ಕೆಪ್ಯಾಸಿಟರ್, ಅಡಿಗೆ ಸುಮಾರು 30 ಪಿಕೋಫ್ಯಾರಡ್ ಅಂತ ಇಟ್ಕೊಂಡ್ರೆ 20 ಅಡಿ ಕೇಬಲ್‌ಗೆ 600. ವಾಲ್ಯೂಮ್ ಅರ್ಧಕ್ಕೆ ಇಳಿಸಿದಾಗ 500ಕೆ ಪಾಟ್ ಆ ಕೇಬಲ್‌ನ ಎದುರು ಸುಮಾರು 125ಕೆ ರೆಸಿಸ್ಟೆನ್ಸ್ ಆಗಿ ನಿಲ್ತದೆ, ಎರಡೂ ಸೇರಿ ಒಂದು ಫಿಲ್ಟರ್ ಆಯ್ತಲ್ಲ, ಲೆಕ್ಕ ಹಾಕಿದ್ರೆ ಸುಮಾರು 2 ಕಿಲೋಹರ್ಟ್ಸ್‌ನಿಂದ ಮೇಲೆ ಇಳೀಲಿಕ್ಕೆ ಶುರು. ಅದೇ 250ಕೆ ಪಾಟ್ ಆದ್ರೆ 4 ಕಿಲೋಹರ್ಟ್ಸ್‌ನ ಹತ್ರ. ರೆಸಿಸ್ಟರ್ ಅಡ್ಡ ಹಾಕಿದ್ರೂ ಪಾಟ್ ಒಳಗೆ 500ಕೆಯೇ ಇರುದಲ್ವಾ, ಹಾಗಾಗಿ ಪಾಟ್‌ನ್ನೇ ಬದಲಿಸ್ಲಿಕ್ಕೆ ಆದ್ರೆ ಒಳ್ಳೇದು. ತಗೊಳ್ಳುವಾಗ ಎ250ಕೆ ತಗೊಳ್ಳಿ, ಎ ಅಂದ್ರೆ ಲಾಗ್, ಬಿ ಅಂದ್ರೆ ಲೀನಿಯರ್. ಲೀನಿಯರ್‌ನಲ್ಲಿ 10ರಿಂದ 5ಕ್ಕೆ ಇಳಿಸಿದ್ರೂ 6 ಡೆಸಿಬೆಲ್ ಮಾತ್ರ ಕಮ್ಮಿ ಆಗುದು, ಆಮೇಲೆ ಕೊನೇಲಿ ದಬಕ್ಕಂತ ಎಲ್ಲ ಹೋಗ್ತದೆ. ಶಾಫ್ಟಿನ ದಪ್ಪ, ಹಲ್ಲು ಎರಡೂ ನೋಡಿ ತಗೊಳ್ಳಿ, ಇಲ್ಲಾಂದ್ರೆ ನಿಮ್ಮ ನಾಬ್ ಕೂರುದಿಲ್ಲ, ಪಿಕ್‌ಗಾರ್ಡ್‌ನ ತೂತೂ ಸಾಲುದಿಲ್ಲ.

ಯಾವ ಪಾಟ್ ಇದ್ರೂ ಟ್ರೆಬಲ್ ಬ್ಲೀಡ್ ಹಾಕಿ. 1000 ಪಿಕೋಫ್ಯಾರಡ್‌ನ ಕೆಪ್ಯಾಸಿಟರ್, ಅದಕ್ಕೆ ಪ್ಯಾರಲಲ್ ಆಗಿ 150ಕೆ ರೆಸಿಸ್ಟರ್, ಎರಡನ್ನೂ ಜೊತೆ ಮಾಡಿ ವಾಲ್ಯೂಮ್ ಪಾಟ್‌ನ ಇನ್‌ಪುಟ್ ಕಾಲಿಗೂ ನಡು ಕಾಲಿಗೂ ಮಧ್ಯೆ. ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಆ ಅಡ್ಡದಾರಿಯಲ್ಲಿ ದಾಟ್ತದೆ. ರೆಸಿಸ್ಟರ್ ಇಲ್ಲದೆ ಬರೀ ಕೆಪ್ಯಾಸಿಟರ್ ಹಾಕಿದ್ರೆ ಕಮ್ಮಿ ವಾಲ್ಯೂಮ್‌ನಲ್ಲಿ ತೆಳ್ಳಗೆ ಕೇಳ್ತದೆ, ಆಗ ಕೆಪ್ಯಾಸಿಟರ್‌ನ ವ್ಯಾಲ್ಯೂ 180 ಪಿಕೋಫ್ಯಾರಡ್‌ನ ಹತ್ರ ಇಳಿಸ್ಬೇಕು. ಯಾವ್ದು ಸರಿ ಅಂತ ಕಿವಿಯೇ ಹೇಳ್ಬೇಕು, ಅಲಿಗೇಟರ್ ಕ್ಲಿಪ್‌ನಲ್ಲಿ ಸಿಕ್ಕಿಸಿ ಬಾರ್ಸಿ ನೋಡಿ, ಆಮೇಲೆ ಸೋಲ್ಡರ್.

ಡಬ್ಬಿ ಸ್ವಿಚ್ಚಿನ ಕಾಲುಗಳು ಕಂಪೆನಿಯಿಂದ ಕಂಪೆನಿಗೆ ಬೇರೆ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದೊಂದೇ ಪೊಸಿಷನ್‌ನಲ್ಲಿ ಯಾವ ಕಾಲು ಯಾವ್ದಕ್ಕೆ ಸೇರ್ತದೆ ಅಂತ ಕಾಗ್ದದಲ್ಲಿ ಬರ್ಕೊಳ್ಳಿ, ಊಹೆಯಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ.

ಟ್ಯೂಬ್ ಆಂಪ್ ಪ್ರೇಮಿ

ಕೆಪ್ಯಾಸಿಟರ್ ಹಾಕುದಾದ್ರೆ ಹಳೇ ಕಾಲದ ಆಯಿಲ್ ಪೇಪರ್ ಹಾಕಿ ಸರ್, ಆ ಹಸ್ರು ಪಾಲಿಯೆಸ್ಟರ್‌ಗೆ ಜೀವ ಇಲ್ಲ. ಸೌಂಡಲ್ಲಿ ಬೆಚ್ಚಗಿನ ಒಂದು ಗುಣ ಬರ್ತದೆ.

ಮಣಿಪಾಲ ಬೆಂಚ್

ಬೆಚ್ಚಗಾಗುದು ಪರ್ಸು ಖಾಲಿಯಾದ ಮೇಲೆ ಮಂಡೆ 😄 ಟೋನ್ ಸರ್ಕೀಟಲ್ಲಿ ಕೆಲಸ ಮಾಡುದು ಕೆಪ್ಯಾಸಿಟರ್‌ನ ವ್ಯಾಲ್ಯೂ, ಜಾತಿ ಅಲ್ಲ. ಮೀಟರ್‌ನಲ್ಲಿ ಅಳೆದು ಒಂದೇ ವ್ಯಾಲ್ಯೂ ಬಂದ ಎರಡು ಕೆಪ್ಯಾಸಿಟರ್‌ಗಳನ್ನು ಕಣ್ಣು ಮುಚ್ಚಿ ಕೇಳಿ ಬೇರೆ ಮಾಡಿ ತೋರ್ಸಿ ನೋಡುವ. ಅವ್ರಿಗೆ 473, ಅಂದ್ರೆ 0.047 ಮೈಕ್ರೋಫ್ಯಾರಡ್, ಟೋನ್ ಇಳಿಸಿದಾಗ ಬಾಳಾ ದಪ್ಪ ಅನ್ಸಿದ್ರೆ 223 ಹಾಕ್ಲಿ, ಅದು 0.022. ನಾಬ್ 10ರಲ್ಲಿ ಇರುವಾಗ ಎರಡರಲ್ಲೂ ದೊಡ್ಡ ವ್ಯತ್ಯಾಸ ಏನೂ ಗೊತ್ತಾಗುದಿಲ್ಲ.

ಮಲ್ಪೆ ಮಿಕ್ಸರ್

ಹಮ್ ಬಗ್ಗೆ ಯಾರೂ ಹೇಳ್ಲಿಲ್ಲ ಅಲ್ವಾ. ನಾನು ಸೌಂಡ್ ಹಾಕುವವ, ಹಾಲ್‌ಗಳಲ್ಲಿ ದಿನಾ ನೋಡುವ ಕತೆ ಇದು. ತಂತಿ ಮುಟ್ಟಿದಾಗ ಹಮ್ ಕಮ್ಮಿ ಆಗ್ತದಾ ನೋಡಿ. ಕಮ್ಮಿ ಆದ್ರೆ ಬ್ರಿಡ್ಜ್‌ನ ಗ್ರೌಂಡ್ ವೈರ್ ಸರಿ ಉಂಟು, ಜಾಸ್ತಿ ಆದ್ರೆ ಜಾಕ್‌ನಲ್ಲಿ ವೈರ್ ಉಲ್ಟಾ ಆಗಿರುವ ಚಾನ್ಸ್. ಮತ್ತೆ ಸ್ವಿಚ್ 2 ಮತ್ತೆ 4ರಲ್ಲಿ (ಎರಡು ಪಿಕಪ್ ಒಟ್ಟಿಗೆ ಬರುವ ಪೊಸಿಷನ್) ಇಟ್ಟಾಗ ಹಮ್ ಇಳಿದ್ರೆ ನಿಮ್ಮ ಮಿಡ್ಲ್ ಪಿಕಪ್ ಉಲ್ಟಾ ಸುತ್ತಿದ್ದು ಅಂತ ಲೆಕ್ಕ, ಎರಡು ಕಾಯಿಲ್‌ನ ಹಮ್ ಒಂದನ್ನೊಂದು ಹೊಡೆದು ಹಾಕ್ತದೆ, ಹಾಗಿದ್ರೆ ಗಲಾಟೆಯ ಹಾಲ್‌ನಲ್ಲಿ ಅದೇ ಪೊಸಿಷನ್ ಬಳಸಿ.

ಒಳಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೇರ್ಸಿದ್ರೆ ಲೈಟ್ ಡಿಮ್ಮರ್‌ಗಳ ಜುಂಯ್ ಸುಮಾರು ಹೋಗ್ತದೆ, ಆದ್ರೆ ಟ್ರಾನ್ಸ್‌ಫಾರ್ಮರ್‌ನಿಂದ ಬರುವ 50 ಹರ್ಟ್ಸ್‌ನ ಗುಂಯ್ ಅದಕ್ಕೆ ಬಗ್ಗುದಿಲ್ಲ, ಅದು ಮ್ಯಾಗ್ನೆಟಿಕ್. ಆಂಪ್‌ನಿಂದ ದೂರ ಹೋಗಿ ನಿಂತಲ್ಲೇ ಸ್ವಲ್ಪ ತಿರುಗಿ, ಒಂದು ದಿಕ್ಕಿನಲ್ಲಿ ಇಳೀತದೆ.

ಇನ್ನು ಇದು ಮುಖ್ಯ, ಗಿಟಾರ್ ಹಿಡ್ಕೊಂಡು ಮೈಕ್‌ಗೆ ತುಟಿ ತಾಗಿದಾಗ ಜುಂ ಅಂತ ಶಾಕ್ ಬರ್ತದಾ? ಬಂದ್ರೆ ಅದು ಗಿಟಾರ್ ವೈರಿಂಗ್ ಅಲ್ಲ, ಹಾಲ್‌ನ ಅರ್ಥಿಂಗ್ ತೊಂದ್ರೆ, ಬಾರಿಸುದು ಅಲ್ಲಿಗೇ ನಿಲ್ಸಿ ಇಲೆಕ್ಟ್ರಿಶಿಯನ್‌ನ ಕರೀರಿ. ಹಮ್ ಹೋಗ್ತದೆ ಅಂತ ಕೆಲವ್ರು ಆಂಪ್ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸ್ತಾರೆ, ಹಮ್ ಹೋಗ್ಲೂಬಹುದು, ಜೊತೆಗೆ ಬಾರಿಸುವವನೂ ಹೋದಾನು.

ಕುಡ್ಲದ ಆರುತಂತಿ

ಶಾಕ್ ಇಲ್ಲ ದೇವರ ದಯೆ. ತಂತಿ ಮುಟ್ಟಿದ್ರೆ ಹಮ್ ಇಳೀತದೆ, 4ರಲ್ಲಿ ಇನ್ನೂ ಕಮ್ಮಿ.

ಮೀಟರ್ ಹಿಡ್ದು ಸ್ವಿಚ್ಚಿನ ಕಾಲು ಹುಡುಕಿ ಜಂಪರ್ ಹಾಕ್ದೆ, ರೆಸಿಸ್ಟರೂ ಹಾಕ್ದೆ. ಬ್ರಿಡ್ಜ್‌ನಲ್ಲಿ ಟೋನ್ 6ಕ್ಕೆ ಇಟ್ರೆ ಬೈಲಾಕ್ಕೆ ಬೇಕಾದ ಆ ಟಕ್ ಟಕ್ ಉಳೀತದೆ, ಚುಚ್ಚುದಿಲ್ಲ, ಕೀಬೋರ್ಡಿನವನಿಗೆ ಹೊಸ ಪಿಕಪ್ ಅಂತ ಹೇಳಿದೆ, ನಂಬಿದ 😄 ಬ್ಲೀಡ್‌ನ ಸಾಮಾನು ತರ್ಬೇಕಷ್ಟೆ. ಹಂಪನಕಟ್ಟೆ ಬದಿಯ ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಎಂತ ಅಂತ ಕೇಳ್ಬೇಕು? ಮತ್ತೆ ಪಾಟ್‌ನ ಬೆನ್ನಿಗೆ ಗ್ರೌಂಡ್ ವೈರ್ ಅಂಟುದೇ ಇಲ್ಲ, ಸೀಸ ಗುಂಡಾಗಿ ಉದುರ್ತದೆ, ನನ್ನದು 25 ವ್ಯಾಟಿನ ಐರನ್.

ಮಣಿಪಾಲ ಬೆಂಚ್

"102 ಕೆಪ್ಯಾಸಿಟರ್" ಅಂತ ಕೇಳಿ, 102 ಅಂದ್ರೆ 1000 ಪಿಕೋಫ್ಯಾರಡ್, ರೆಸಿಸ್ಟರ್ 1/4 ವ್ಯಾಟಿನದ್ದು ಸಾಕು. ಒಂದೊಂದೇ ಕೇಳಿದ್ರೆ ಅಂಗಡಿಯವ್ರು ಮುಖ ನೋಡ್ತಾರೆ, ಐದಾರು ತಗೊಳ್ಳಿ, ಹೇಗೂ 100ಕೆ, 220ಕೆ ಎಲ್ಲ ಹಾಕಿ ನೋಡ್ಲಿಕ್ಕೆ ಬೇಕಾಗ್ತದೆ.

ಪಾಟ್‌ನ ಬೆನ್ನಿಗೆ 25 ವ್ಯಾಟ್ ಸಾಲುದಿಲ್ಲ, ಅದು ಬಿಸಿಯನ್ನೆಲ್ಲ ಎಳ್ಕೊಳ್ತದೆ, ನೀವು ಹೊತ್ತು ಹಿಡಿದಷ್ಟೂ ಒಳಗಿನ ಟ್ರ್ಯಾಕ್ ಬೇಯ್ತದೆ. 40ರಿಂದ 60 ವ್ಯಾಟಿನದ್ದು ಯಾರ ಹತ್ರಾದ್ರೂ ಕೇಳಿ ತನ್ನಿ, ಬೆನ್ನನ್ನು ಸ್ಯಾಂಡ್ ಪೇಪರ್‌ನಲ್ಲಿ ಒಮ್ಮೆ ತಿಕ್ಕಿ, ಫ್ಲಕ್ಸ್ ಹಚ್ಚಿ ಮೊದ್ಲು ಬರೀ ಸೀಸ ಹಿಡಿಸಿ, ಆಮೇಲೆ ವೈರ್. ಬಾಡಿ ಮೇಲೆ ದಪ್ಪದ ಬಟ್ಟೆ ಹಾಸ್ಕೊಳ್ಳಿ, ಸೀಸದ ಒಂದು ಹನಿ ಬಿದ್ರೆ ಪಾಲಿಶ್ ಹೋಯ್ತು.

ಬಿಚ್ಚಿದ್ದೇ ಬಿಚ್ಚಿದ್ದೀರಿ, ಹಳೇ ಪಾಟ್ ಉಳ್ಸುದಾದ್ರೆ ಕಾಂಟ್ಯಾಕ್ಟ್ ಕ್ಲೀನರ್ ಒಂಚೂರು ಹೊಡ್ದು ನಾಬನ್ನು ಆಚೆ ಈಚೆ ತಿರುಗಿಸಿಬಿಡಿ, ಬಾಗಿಲಿನ ಕೀಲಿಗೆ ಹೊಡ್ಯುವ ಎಣ್ಣೆ ಸ್ಪ್ರೇ ಬೇಡ. ನಮ್ಮ ಮಳೆಗಾಲದಲ್ಲಿ ಆಟಿ ತಿಂಗಳು ಮುಗಿಯುವ ಮೊದ್ಲು ಜಾಕ್‌ಗೂ ಪಾಟ್‌ಗೂ ಕಿಲುಬು ಹಿಡಿದು ಕರಕರ ಶುರುವಾಗ್ತದೆ, ಬ್ಯಾಗ್‌ನಲ್ಲಿ ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿಡಿ.