ಸಹಾಯ ಬೇಕು: ಕನ್ನಡ ಶೀರ್ಷಿಕೆಯ ವಿಳಾಸ ನಡುವೆಯೇ ತುಂಡಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಚಿತ್ರದುರ್ಗದ ಕೋಟೆ, ಶಾಸನಗಳ ಬಗ್ಗೆ ವರ್ಡ್‌ಪ್ರೆಸ್‌ (ಬ್ಲಾಗ್ ನಡೆಸುವ ತಂತ್ರಾಂಶ) ಬಳಸಿ ಕನ್ನಡದಲ್ಲೇ ಬರೆಯುತ್ತೇನೆ. ಇಷ್ಟು ದಿನ ಲೇಖನಗಳ ವೆಬ್ ವಿಳಾಸದ (URL) ಕೊನೆಯಲ್ಲಿ ಬರೀ ಸಂಖ್ಯೆ ಇರುತ್ತಿತ್ತು. ಹುಡುಕುವವರ ಕಣ್ಣಿಗೆ ಬೀಳಲಿ ಎಂದು ಕಳೆದ ವಾರ ಪರ್ಮಾಲಿಂಕ್ (ಲೇಖನದ ಕಾಯಂ ವಿಳಾಸ) ಸೆಟ್ಟಿಂಗ್‌ನಲ್ಲಿ, ಶೀರ್ಷಿಕೆಯೇ ವಿಳಾಸವಾಗುವ ‘ಪೋಸ್ಟ್ ನೇಮ್’ ಆರಿಸಿಕೊಂಡೆ. ಮೊದಲು ಎಲ್ಲ ಲೇಖನಗಳೂ 404 (ಪುಟ ಸಿಗಲಿಲ್ಲ) ಎಂದು ತೋರಿಸಿದವು. ಸರ್ವರ್‌ಗೆ ಸೂಚನೆ ಕೊಡುವ ಎಚ್‌ಟಿಆ್ಯಕ್ಸೆಸ್ (.htaccess) ಕಡತಕ್ಕೆ ನಿಯಮಗಳನ್ನು ಕೈಯಾರೆ ಸೇರಿಸಿದ ಮೇಲೆ ಅದು ಸರಿಹೋಯಿತು.

ಈಗಿನ ತೊಡಕೇ ಬೇರೆ. ಕನ್ನಡದ ಒಂದೊಂದು ಅಕ್ಷರವೂ, ಒಂದೊಂದು ಗುಣಿತದ ಚಿಹ್ನೆಯೂ ವಿಳಾಸದಲ್ಲಿ ಒಂಬತ್ತು ಚಿಹ್ನೆಗಳಾಗುತ್ತವೆ. ವಿಳಾಸದ ಶೀರ್ಷಿಕೆಯ ಭಾಗಕ್ಕೆ ವರ್ಡ್‌ಪ್ರೆಸ್‌ನಲ್ಲಿ ಇರುವ ಮಿತಿ 200 ಚಿಹ್ನೆಗಳು. ಹಾಗಾಗಿ ‘ಚಂದ್ರವಳ್ಳಿಯ ಮಯೂರಶರ್ಮನ ಶಾಸನ’ ಎಂಬ ಶೀರ್ಷಿಕೆ ವಿಳಾಸದಲ್ಲಿ ‘ಶಾ’ ಎಂಬಲ್ಲಿಗೇ ನಿಂತುಬಿಟ್ಟಿದೆ. ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಶೇಕಡಾ ಗುರುತುಗಳ ಉದ್ದನೆಯ ಸಾಲು ಬರುತ್ತದೆ. ವೈರಸ್ ಇರಬಹುದೆಂದು ನಮ್ಮ ಚಿಕ್ಕಪ್ಪ ಅದನ್ನು ಒತ್ತಲೇ ಇಲ್ಲ. ನನಗೆ ಬಹಳ ಬೇಸರವಾಯಿತು.

ಎರಡು ಲೇಖನಗಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘chandravalli-shasana’ ಎಂಬಂತೆ ಚಿಕ್ಕದಾಗಿ ಬರೆದು ನೋಡಿದೆ. ಅಂದವಾಗಿದೆ. ಆದರೆ ಓದುಗರ ಭಾಷೆಯ ಪದಗಳೇ ವಿಳಾಸದಲ್ಲಿರಲಿ ಎಂದು ಗೂಗಲ್ ಸಲಹೆ ಕೊಡುತ್ತದೆ. ಕನ್ನಡದಲ್ಲಿ ಹುಡುಕುವವರನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಕನ್ನಡದಲ್ಲಿ ಬರೆಯುವ ಅನುಭವಸ್ಥರು ದಯವಿಟ್ಟು ತಿಳಿಸಿ: ಎರಡೇ ಪದಗಳ ಕನ್ನಡ ವಿಳಾಸ ಇಟ್ಟುಕೊಳ್ಳಲೇ ಅಥವಾ ಇಂಗ್ಲಿಷ್ ಅಕ್ಷರಕ್ಕೆ ಹೋಗಲೇ? ಹಳೆಯ ಲೇಖನಗಳ ವಿಳಾಸವನ್ನೂ ಬದಲಿಸಬೇಕೇ?